ಬೀದಿಯ ಕೊಳವೆ ಮಂಡಳಿಯದು, ಮನೆಯ ಕೊಳವೆ ಯಾರದು?

ಬೆಂಗಳೂರು ದಂಡಿನ ಗಲ್ಲಿಗಳಲ್ಲಿ ಒಂದು ವಿಚಿತ್ರ ನ್ಯಾಯ ನಡೆದುಬಂದಿದೆ. ಬೀದಿಯಡಿ ಹರಿಯುವ ನೀರು ಮಂಡಳಿಯದು. ಮೀಟರು ತೋರಿಸಿದ ನೀರಿನ ದುಡ್ಡೂ ಮಂಡಳಿಯದು. ಆದರೆ ಬೀದಿಯ ಕೊಳವೆಯಿಂದ ಮನೆಯ ಹೊಸ್ತಿಲವರೆಗಿನ ಹದಿನೈದು ಇಪ್ಪತ್ತು ಅಡಿ ಕೊಳವೆ ಮಾತ್ರ ಮನೆಯವನದು! ಅದು ತುಕ್ಕು ಹಿಡಿದರೆ ಅವನ ಕರ್ಮ. ಅದು ಒಡೆದು ಮೋರಿ ನೀರು ಸೇರಿದರೆ ಅವನ ಹಣೆಬರಹ. ಅದರಿಂದ ವಿಷ ಇಳಿದು ಮಗುವಿನ ಹೊಟ್ಟೆ ಸೇರಿದರೆ ಅದಕ್ಕೂ ಅವನೇ ಹೊಣೆ. ಈ ನ್ಯಾಯವನ್ನು ನಾವು ಒಪ್ಪುವುದಿಲ್ಲ.

ಶಿವಾಜಿನಗರದ ಒಂದು ಗಲ್ಲಿಯಲ್ಲಿ ನಮ್ಮ ಸ್ನೇಹಿತರೊಬ್ಬರು ಸಣ್ಣ ಅಂಗಡಿ ಇಟ್ಟಿದ್ದಾರೆ. ಅಂಗಡಿಯ ಹಿಂದೆಯೇ ಮನೆ, ಅದರ ಮೇಲೆ ಎರಡು ಬಾಡಿಗೆ ಸಂಸಾರ. ಬೀದಿ ಅಗೆದು ಹೊಸ ಕೊಳವೆ ಹಾಕಿದಾಗ ಎಲ್ಲರಿಗೂ ಸಂತೋಷವಾಯಿತು. ಗುತ್ತಿಗೆದಾರನ ಜನ ಹೊಸ ಕೊಳವೆಗೆ ಇವರ ಮನೆಯ ಹಳೆಯ ತುಕ್ಕು ಕೊಳವೆಯನ್ನೇ ಜೋಡಿಸಿ, ಮಣ್ಣು ಮುಚ್ಚಿ ಹೊರಟುಹೋದರು. ಆಮೇಲೆ ಎರಡು ತಿಂಗಳು ಕೆಂಪು ನೀರು. ಕಚೇರಿಗೆ ಅಲೆದರೆ ಸಿಕ್ಕ ಉತ್ತರ: “ರೋಡಿಂದು ನಮ್ಮದು, ಮನೆದು ನಿಮ್ಮದು.” ಅವರು ನಮ್ಮನ್ನು ಕೇಳಿದರು: “ಮೇಷ್ಟ್ರೇ, ನೀರು ರೋಡಲ್ಲಿ ಕುಡೀತೀವಾ, ಮನೇಲಿ ಕುಡೀತೀವಾ?” ಈ ಪ್ರಶ್ನೆಗೆ ಯಾವ ಇಂಜಿನಿಯರ ಬಳಿಯೂ ಉತ್ತರವಿರಲಿಲ್ಲ.

ದಂಡಿನ ನೀರಿನ ಚರಿತ್ರೆಯನ್ನು ಸ್ವಲ್ಪ ನೆನೆಯೋಣ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಇಳಿಸಿದರು. 1882ರಲ್ಲಿ ದಂಡಿನ ನೀರಿಗೆಂದೇ ಸ್ಯಾಂಕಿ ಕೆರೆ ಕಟ್ಟಿದರು. 1890ರ ದಶಕದಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಬಂತು. 1949ರಲ್ಲಿ ದಂಡೂ ಪೇಟೆಯೂ ಒಂದೇ ಕಾರ್ಪೊರೇಷನ್ನಿಗೆ ಸೇರಿದವು. 1964ರ ಕಾಯಿದೆಯಿಂದ ಜಲಮಂಡಳಿ ಹುಟ್ಟಿತು. 1974ರಲ್ಲಿ ಕಾವೇರಿ ಬಂದಳು. ಸುಮಾರು 100 ಕಿಲೋಮೀಟರು ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಯಂತ್ರದಿಂದ ಎತ್ತಿ ತರುವ ನೀರು ಇದು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಆರಂಭವಾಯಿತು. ದಿನಕ್ಕೆ 77 ಕೋಟಿ 50 ಲಕ್ಷ ಲೀಟರು, 2007ರಲ್ಲಿ ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗೆ. ಕೆ.ಆರ್. ಪುರದ ಸುತ್ತಲಿನ ಜನ ಹದಿನೇಳು ವರ್ಷ ಟ್ಯಾಂಕರಿನ ಹಿಂದೆ ಓಡಿದ ಮೇಲೆ ಈ ಭಾಗ್ಯ ಬಂತು. 2025ರಲ್ಲಿ ಪಾಲಿಕೆಯನ್ನು ಒಡೆದು ಐದು ಮಾಡಿದರು. ಬಾಗಿಲ ಮೇಲಿನ ಬೋರ್ಡು ಐದಾಯಿತು. ನೆಲದಡಿಯ ಕೊಳವೆ ಇದ್ದಲ್ಲೇ ಇದೆ.

ನೂರು ಕಿಲೋಮೀಟರು ನೀರು ತಂದವರಿಗೆ ಕೊನೆಯ ಇಪ್ಪತ್ತು ಅಡಿ ಭಾರವಾಯಿತೇ?

ಈ ಇಪ್ಪತ್ತು ಅಡಿಯಲ್ಲಿ ಅಪಾಯವೇನು ಎಂದು ಕೆಲವರು ಕೇಳಬಹುದು. ಮೊದಲನೆಯದು ಮೋರಿ ನೀರು. ಅನೇಕ ಬೀದಿಗಳಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ನೀರು ನಿಂತ ಹೊತ್ತಿನಲ್ಲಿ ಕೊಳವೆಯೊಳಗೆ ಒತ್ತಡವಿರುವುದಿಲ್ಲ. ಆಗ ತೂತುಬಿದ್ದ ಕೊಳವೆ ಸುತ್ತಲಿನ ಕೊಳೆಯನ್ನು ಒಳಗೆ ಹೀರಿಕೊಳ್ಳುತ್ತದೆ. ಇದು ಬಣ್ಣದಿಂದ, ವಾಸನೆಯಿಂದ ಗೊತ್ತಾಗುವುದುಂಟು. ಎರಡನೆಯದು ಸೀಸ. ಇದು ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು, ನಾಲಿಗೆಗೆ ಸಿಗದು.

ಸುಮ್ಮನೆ ಗಾಬರಿ ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಸತುವಿನ ಲೇಪದ ಕಬ್ಬಿಣದ ಕೊಳವೆ, ಅಂದರೆ ಜಿ.ಐ. ಪೈಪು. ಆದರೆ ಸೀಸಕ್ಕೆ ದಾರಿಗಳು ಹಲವು. ಹಳೆಯ ಎರಕದ ಕಬ್ಬಿಣದ ಕೊಳವೆಗಳ ಬಾಯಿಗೆ ನಾರು ತುರುಕಿ ಕಾಯಿಸಿದ ಸೀಸ ಹೊಯ್ದು ಬೆಸೆಯುವುದು ವಾಡಿಕೆಯಾಗಿತ್ತು. ಸತುವಿನ ಲೇಪದಲ್ಲಿ ಸೀಸ ಬೆರೆತಿರುವುದುಂಟು. ಹಿತ್ತಾಳೆ ನಲ್ಲಿಯಲ್ಲಿ, ಹಳೆಯ ಬೆಸುಗೆಯಲ್ಲಿ ಇರುವುದುಂಟು. ಅಗ್ಗದ ಪಿ.ವಿ.ಸಿ. ಪೈಪು ತಯಾರಿಸುವಾಗಲೂ ಸೀಸ ಬೆರೆಸುತ್ತಿದ್ದರು. ಅದನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಹೊರಡಿಸಿತು. ಅದಕ್ಕೆ ಮೊದಲು ಗೋಡೆಯೊಳಗೆ ಸೇರಿದ ಪೈಪು ಗೋಡೆಯೊಳಗೇ ಇದೆ.

ಸೀಸ ದೊಡ್ಡವರಿಗೆ ರಕ್ತದ ಒತ್ತಡ ತರುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಗರ್ಭಿಣಿಯಿಂದ ಹೊಟ್ಟೆಯ ಕೂಸಿಗೆ ದಾಟುತ್ತದೆ. ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಾಲು ಹೆಚ್ಚು ಸೀಸ ಹೀರಿಕೊಳ್ಳುತ್ತದೆ, ಅದು ಮಿದುಳಿನ ಬೆಳವಣಿಗೆಯನ್ನೇ ಕುಂದಿಸುತ್ತದೆ. ತರಗತಿಯಲ್ಲಿ ಹಿಂದೆ ಬಿದ್ದ ಹುಡುಗನನ್ನು ದಡ್ಡನೆಂದು ಬೆಂಚಿನ ಮೇಲೆ ನಿಲ್ಲಿಸುವ ಮೇಷ್ಟರು ಒಮ್ಮೆ ಈ ಮಾತನ್ನು ಯೋಚಿಸಲಿ. ನಾವೂ ಹಾಗೆ ನಿಲ್ಲಿಸಿದವರೇ. 1999ರಲ್ಲಿ ಜಾರ್ಜ್ ಫೌಂಡೇಶನ್ ಬೆಂಗಳೂರೂ ಸೇರಿ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದಾಗ, ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಸೀಸ ಆಗಿನ ಮಿತಿಯನ್ನು ಮೀರಿತ್ತು. ಮರುವರ್ಷವೇ ದೇಶದಲ್ಲಿ ಸೀಸದ ಪೆಟ್ರೋಲು ನಿಂತಿತು. ಸರ್ಕಾರ ಮನಸ್ಸು ಮಾಡಿದರೆ ಸೀಸ ಹೋಗುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಆದರೂ 2020ರಲ್ಲಿ ಯುನಿಸೆಫ್ ಕೊಟ್ಟ ಅಂದಾಜಿನಂತೆ, ರಕ್ತದಲ್ಲಿ ಸೀಸ ಹೆಚ್ಚಿರುವ ಮಕ್ಕಳು ಭಾರತದಲ್ಲಿ ಸುಮಾರು 27 ಕೋಟಿ 50 ಲಕ್ಷ. ಬಣ್ಣ, ಬ್ಯಾಟರಿ, ಪಾತ್ರೆ, ಮಸಾಲೆ, ನೀರು ಎಲ್ಲ ದಾರಿಯಿಂದಲೂ ಬಂದದ್ದು ಇದು.

“ನಮ್ಮ ನೀರನ್ನು ಪರೀಕ್ಷೆ ಮಾಡಿದ್ದೇವೆ, ಶುದ್ಧವಾಗಿದೆ” ಎಂದು ಅಧಿಕಾರಿಗಳು ಹೇಳುತ್ತಾರೆ. ಇರಬಹುದು. ಶುದ್ಧೀಕರಣದ ಸ್ಥಾವರದಲ್ಲಿ ಹಿಡಿದ ನೀರು ಶುದ್ಧವೇ. ಆದರೆ ಸೀಸ ಬರುವುದು ಕಾವೇರಿಯಿಂದಲ್ಲ, ನೀರು ರಾತ್ರಿಯೆಲ್ಲ ನಿಂತ ಕೊನೆಯ ಕೊಳವೆಯಿಂದ. ದೇಶದ ಮಾನದಂಡ ಒಂದು ಲೀಟರಿಗೆ 0.01 ಮಿಲಿಗ್ರಾಂ ಎನ್ನುತ್ತದೆ, ಅದಕ್ಕೆ ಯಾವ ವಿನಾಯಿತಿಯೂ ಇಲ್ಲ. ಅದನ್ನು ಅಳೆಯಬೇಕಾದದ್ದು ಬೆಳಗಿನ ಮೊದಲ ತಂಬಿಗೆಯಲ್ಲಿ, ಬಡವನ ನಲ್ಲಿಯಲ್ಲಿ.

ಬಂಡವಾಳಶಾಹಿಯ ತವರಾದ ಅಮೆರಿಕವನ್ನೇ ನೋಡಿರಿ. 2014ರಲ್ಲಿ ಫ್ಲಿಂಟ್ ಎಂಬ ಕಾರ್ಖಾನೆ ಊರಿನಲ್ಲಿ ಖರ್ಚು ಉಳಿಸಲು ನೀರಿನ ಮೂಲವನ್ನು ಬದಲಿಸಿದರು. ಕೊಳವೆ ಸವೆಯದಂತೆ ಹಾಕಬೇಕಾದ ಔಷಧವನ್ನು ಹಾಕಲಿಲ್ಲ. ಸೀಸದ ಕೊಳವೆಗಳಿಂದ ವಿಷ ಇಳಿದು ಬಡವರ ಮಕ್ಕಳ ರಕ್ತ ಸೇರಿತು. ವಾಷಿಂಗ್ಟನ್ನಿನಲ್ಲಿ ಬೀದಿಯ ಅರ್ಧ ಬದಲಿಸಿ ಮನೆಯ ಅರ್ಧ ಬಿಟ್ಟರು. ಕತ್ತರಿಸುವಾಗ ಹಳೆಯ ಕೊಳವೆ ಅಲುಗಾಡಿ ಸೀಸ ಇನ್ನಷ್ಟು ಉದುರುವುದೆಂದು ಆಮೇಲೆ ತಿಳಿಯಿತು. ನ್ಯೂಆರ್ಕ್ ನಗರದಲ್ಲಿಯೂ ಮೊದಲು ಮನೆಯವನೂ ಸ್ವಲ್ಪ ಹಣ ಕೊಡಬೇಕೆಂದಿತ್ತು. 2019ರಲ್ಲಿ ಅದನ್ನು ಕೈಬಿಟ್ಟು, ಮೂರು ವರ್ಷದೊಳಗೆ ಸುಮಾರು 23,000 ಮನೆಗಳ ಕೊಳವೆಗಳನ್ನು ಬೀದಿ ಬೀದಿಯಾಗಿ, ಪುಕ್ಕಟೆಯಾಗಿ ಬದಲಿಸಿದರು. ಒಡೆಯ ಊರಲ್ಲಿಲ್ಲದಿದ್ದರೆ ಬಾಡಿಗೆದಾರನ ಒಪ್ಪಿಗೆಯೇ ಸಾಕೆಂದು ಕಾನೂನು ಮಾಡಿದರು. ಅಲ್ಲಿ ಸಾಧ್ಯವಾದದ್ದು ಹಲಸೂರಿನಲ್ಲಿ ಏಕೆ ಅಸಾಧ್ಯ?

“ಹಣವೆಲ್ಲಿದೆ?” ಎಂಬುದು ಅವರ ಕೊನೆಯ ಅಸ್ತ್ರ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ನೆಲದಡಿ ಕಾರು ಓಡಿಸಲು 17,000 ಕೋಟಿ ರೂಪಾಯಿಗೂ ಮೀರಿದ ಯೋಜನೆ ಮಾಡಬಲ್ಲವರು ಈ ಪ್ರಶ್ನೆ ಕೇಳುತ್ತಾರೆ! 2025ರ ಏಪ್ರಿಲಿನಲ್ಲಿ ನೀರಿನ ದರ ಏರಿಸಿದಾಗ ನಮ್ಮ ಜೇಬಿನಲ್ಲಿ ಹಣವಿದೆಯೇ ಎಂದು ಯಾರೂ ಕೇಳಲಿಲ್ಲ.

ಸರ್ಕಾರ ಎಚ್ಚರಾಗುವವರೆಗೆ ಬಂಧುಗಳು ಇಷ್ಟು ಮಾಡತಕ್ಕದ್ದು. ಮನೆಗೆ ಬರುವ ಕೊಳವೆಯನ್ನು ಚಾಕುವಿನಿಂದ ಮೆಲ್ಲನೆ ಕೆರೆದು ನೋಡಿರಿ. ಮೆತ್ತಗಿದ್ದು ಬೆಳ್ಳಿಯಂತೆ ಹೊಳೆದರೆ, ಅಯಸ್ಕಾಂತ ಅಂಟದಿದ್ದರೆ, ಅದು ಸೀಸ. ಅಯಸ್ಕಾಂತ ಅಂಟಿದರೆ ಕಬ್ಬಿಣ. ರಾತ್ರಿ ನಿಂತ ಮೊದಲ ನೀರನ್ನು ಪಾತ್ರೆ ತೊಳೆಯಲು, ನೆಲ ಒರಸಲು ಹಿಡಿಯಿರಿ, ಕುಡಿಯಲು, ಅಡಿಗೆಗೆ ಆಮೇಲಿನದನ್ನು ಹಿಡಿಯಿರಿ. ಕುದಿಸಿದರೆ ರೋಗಾಣು ಸಾಯುತ್ತದೆ, ಸೀಸ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಹೆಚ್ಚುತ್ತದೆ. ಕೊಳವೆ ಬದಲಿಸುವುದಾದರೆ ಅರ್ಧ ಬೇಡ, ಬೀದಿಯಿಂದ ನಲ್ಲಿಯವರೆಗೆ ಪೂರ್ತಿ ಬದಲಿಸಿರಿ. ಐ.ಎಸ್.ಐ. ಗುರುತಿಲ್ಲದ ಪೈಪನ್ನು ಅಗ್ಗವೆಂದು ಕೊಳ್ಳಬೇಡಿರಿ.

ನಮ್ಮ ಬೇಡಿಕೆಗಳು ಇವು:

1. ಪ್ರತಿ ಬೀದಿಯ ಅಡಿ ಯಾವ ಕಾಲದ, ಯಾವ ಲೋಹದ ಕೊಳವೆ ಇದೆಯೆಂಬ ಪಟ್ಟಿಯನ್ನು ಜನರ ಮುಂದಿಡಬೇಕು.

2. ಬೀದಿ ಅಗೆದಾಗಲೆಲ್ಲ ಮನೆಯ ಕೊಳವೆಯನ್ನೂ ಜೊತೆಗೇ, ಸಾರ್ವಜನಿಕ ಖರ್ಚಿನಲ್ಲಿ ಬದಲಿಸಬೇಕು.

3. ಶಾಲೆ, ಅಂಗನವಾಡಿ, ವಠಾರಗಳ ನಲ್ಲಿಯಲ್ಲೇ ಸೀಸದ ಪರೀಕ್ಷೆ ನಡೆಸಿ ಫಲಿತಾಂಶವನ್ನು ಗೋಡೆಗೆ ಅಂಟಿಸಬೇಕು.

4. ಬಾಡಿಗೆದಾರನು ಬರೆದ ಅರ್ಜಿಗೂ ಒಡೆಯನ ಅರ್ಜಿಯಷ್ಟೇ ಬೆಲೆ ಇರಬೇಕು.

ಒಬ್ಬೊಬ್ಬರಾಗಿ ಕಚೇರಿಗೆ ಹೋದರೆ “ಮನೆದು ನಿಮ್ಮದು” ಎನ್ನುತ್ತಾರೆ. ಬೀದಿಯೇ ಎದ್ದು ಹೋದರೆ ಆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಗಿರಣಿಯ ಗೇಟಿನಲ್ಲಿ ಬೋನಸ್ಸಿಗೆ ನಿಂತವರಿಗೆ ಇದು ಹೊಸ ಪಾಠವಲ್ಲ. ಬೋನಸ್ಸು ಒಂದು ವರ್ಷದ್ದು, ಮಗುವಿನ ಮಿದುಳು ಇಡೀ ಬಾಳಿನದು. ಮುಂದಿನ ಭಾನುವಾರ ನಿಮ್ಮ ಬೀದಿಯ ಹತ್ತು ಮನೆಯವರು ಒಂದು ಕಡೆ ಕೂತು ಅರ್ಜಿ ಬರೆಯಿರಿ. ಬರೆಯಲು ಬಾರದಿದ್ದರೆ ನಮ್ಮನ್ನು ಕರೆಯಿರಿ. ಬರುತ್ತೇವೆ.