«53 ನಿಮಿಷ» ಅನ್ನೋ ಸುಳ್ಳು

1/5
ಬೆಂಗಳೂರು–ಮಂಗಳೂರು ಎಷ್ಟು ದೂರ ಅಂತ ಸರ್ಚ್ ಮಾಡಿ. ವಿಮಾನದ ದಾರಿ ಸುಮಾರು 306 ಕಿ.ಮೀ., ಸಮಯ 53 ನಿಮಿಷ ಅಂತ ಬರುತ್ತೆ. ಈ ಸಂಖ್ಯೆ ನಂಬಿ ನಾನು ಒಂದು ಇಂಟರ್ವ್ಯೂ ಕಳ್ಕೊಂಡೆ. ನೀವು ಕಳ್ಕೋಬೇಡಿ.

2/5
ಲೆಕ್ಕ ಹೇಗೆ ಮಾಡ್ತಾರೆ ಗೊತ್ತಾ? ಎರಡು ಏರ್‌ಪೋರ್ಟ್‌ಗಳ ಅಕ್ಷಾಂಶ, ರೇಖಾಂಶ ತಗೊಂಡು, ಭೂಮಿಯ ತ್ರಿಜ್ಯ 6,371 ಕಿ.ಮೀ. ಅಂತಿಟ್ಟು, ಗೋಳದ ಮೇಲಿನ ಅತಿ ಹತ್ತಿರದ ದಾರಿ ಕಂಡುಹಿಡೀತಾರೆ. ಅದನ್ನ ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿದ್ರೆ 23 ನಿಮಿಷ. ಏರೋಕೆ, ಇಳಿಯೋಕೆ ಅಂತ ಇನ್ನೊಂದು 30 ಸೇರಿಸಿದ್ರೆ 53. ಗಣಿತ ಸರಿ ಇದೆ. ಆದರೆ ಅದು ವಿಮಾನದ ಸಮಯ, ನಿಮ್ಮದಲ್ಲ!

3/5
ನನ್ನ ಲೆಕ್ಕ ನೋಡಿ. ಕೆಂಗೇರಿಯಲ್ಲಿ ಮನೆ, 8 ಗಂಟೆಗೆ ಫ್ಲೈಟ್. ಬೆಳಗ್ಗೆ 4:30ಕ್ಕೆ ಹೊರಟೆ. ದೇವನಹಳ್ಳಿ ಮುಟ್ಟೋಕೆ ಒಂದೂವರೆ ಗಂಟೆ. ಆಮೇಲೆ ಚೆಕ್-ಇನ್, ಸೆಕ್ಯುರಿಟಿ, ಕಾಯೋದು. ಫ್ಲೈಟ್ 40 ನಿಮಿಷ ಲೇಟ್. ಬಜ್ಪೆಯಲ್ಲಿ ಇಳಿದು, ಬ್ಯಾಗ್ ತಗೊಂಡು, ಟ್ಯಾಕ್ಸಿ ಹಿಡಿದು ಹಂಪನಕಟ್ಟೆಗೆ ಬಂದಾಗ 10:55. ಇಂಟರ್ವ್ಯೂ ಇದ್ದದ್ದು 10:30ಕ್ಕೆ. ಒಟ್ಟು 6 ಗಂಟೆ 25 ನಿಮಿಷ.

ನನ್ನ ಕ್ಲಾಸ್‌ಮೇಟ್ ಹಿಂದಿನ ರಾತ್ರಿ ಬಸ್ ಹತ್ತಿ, ಶಿರಾಡಿ ಘಾಟಿಯಲ್ಲಿ ಚೆನ್ನಾಗಿ ನಿದ್ದೆ ಮಾಡಿ, ಬೆಳಗ್ಗೆ ಇಳಿದು, ಸ್ನಾನ ಮಾಡಿ, ನೀರುದೋಸೆ ತಿಂದು, ಟೈಮಿಗೆ ಮುಂಚೆ ಕೂತಿದ್ಲು. ಅವಳಿಗೆ ಸೀಟ್ ಸಿಕ್ತು. «ಇನ್ನೂ ಬಸ್ಸಲ್ಲಾ?» ಅಂತ ಅವಳನ್ನ ಗೇಲಿ ಮಾಡಿದ್ದು ಯಾರು? ನಾನೇ.

4/5
ಹಾಗಂತ ವಿಮಾನ ದಂಡ ಅಂತ ಹೇಳ್ತಿಲ್ಲ. ದೆಹಲಿಗೆ ವಿಮಾನದಲ್ಲಿ ಸುಮಾರು 1,700 ಕಿ.ಮೀ., ರೈಲಲ್ಲಿ ಒಂದೂವರೆ ದಿನ. ಅಲ್ಲಿ ವಿಮಾನ ಗೆಲ್ಲುತ್ತೆ. ಏರ್‌ಪೋರ್ಟಿಗೆ ಹೋಗೋ, ಕಾಯೋ ನಾಲ್ಕೈದು ಗಂಟೆ ದೂರ ಹೆಚ್ಚಾದ್ರೂ ಅಷ್ಟೇ, ಕಮ್ಮಿಯಾದ್ರೂ ಅಷ್ಟೇ. 300 ಕಿ.ಮೀ. ಪ್ರಯಾಣದಲ್ಲಿ ಆ ಗಂಟೆಗಳೇ ಇಡೀ ಪ್ರಯಾಣ.

ಇನ್ನೊಂದು ಮೋಸ: ಟಿಕೆಟ್‌ನಲ್ಲಿರೋದು ಆಯಾ ಊರಿನ ಗಡಿಯಾರ. ಬೆಂಗಳೂರು ಬಿಡೋದು 10:00, ದುಬೈ ಸೇರೋದು 12:30 ಅಂದ್ರೆ ಎರಡೂವರೆ ಗಂಟೆ ಅಲ್ಲ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಹಾರಾಟ 4 ಗಂಟೆ.

5/5
ಆದ್ದರಿಂದ ಬುಕ್ ಮಾಡೋ ಮುಂಚೆ ಕೇಳ್ಕೊಳ್ಳಿ: ನನ್ನ ಮನೆ ಬಾಗಿಲಿಂದ ಆ ಬಾಗಿಲಿಗೆ ಎಷ್ಟು ಹೊತ್ತು? ಲೇಟಾದ್ರೆ ಏನು ಗತಿ? ಬೆಳಗ್ಗೆ ಪರೀಕ್ಷೆ, ಇಂಟರ್ವ್ಯೂ ಇದ್ರೆ ಹಿಂದಿನ ದಿನವೇ ಹೋಗಿ, ಯಾವ ಗಾಡಿಯಲ್ಲಾದ್ರೂ ಸರಿ. ಬಸ್ಸಲ್ಲಿ ಬರೋರನ್ನ ನೋಡಿ ನಗಬೇಡಿ. ಅವರು ಲೆಕ್ಕ ಸರಿಯಾಗಿ ಹಾಕಿರ್ತಾರೆ.

ನಿಮ್ಮೂರಿಂದ ಏರ್‌ಪೋರ್ಟಿಗೆ ಎಷ್ಟು ಹೊತ್ತು? ಕಾಮೆಂಟಲ್ಲಿ ಹಾಕಿ, ಲೆಕ್ಕ ಹಾಕೋಣ 👇

#ಬಾಗಿಲಿಂದಬಾಗಿಲಿಗೆ #ಲೆಕ್ಕಹಾಕಿಹೊರಡಿ