ಕಾಯಿ ಕೊಯ್ಯುವ ಮೊದಲೆ ತೊಳೆಯ ಲೆಕ್ಕ

ಮರದ ಮೇಲಿರುವ ಹಲಸಿನ ಕಾಯನ್ನು ತೋರಿಸಿ, ಅದರೊಳಗೆ ತೊಳೆ ಎಷ್ಟು, ಬಣ್ಣ ಯಾವುದು, ರುಚಿ ಹೇಗೆ, ಎಲ್ಲವನ್ನೂ ಈಗಲೇ ಬರೆದುಕೊಡು ಎಂದು ಕೇಳಿದರೆ ನಮ್ಮ ಚೇಳೂರಿನ ವ್ಯಾಪಾರಿ ನಕ್ಕುಬಿಡುತ್ತಾನೆ. ತಟ್ಟಿ ನೋಡಿ, ಬಲಿತಿದೆಯೊ ಇಲ್ಲವೊ ಎಂಬುದನ್ನಷ್ಟೆ ಅವನು ಹೇಳಿಯಾನು. ಆದರೆ ಕನ್ನಡದಲ್ಲಿ ಸಂಶೋಧನೆಗೆಂದು ಹೊರಟ ಬಡಪಾಯಿ ಇಂಥ ಲೆಕ್ಕವನ್ನು ಮೊದಲು ಒಪ್ಪಿಸದೆ ಮರದ ಬುಡಕ್ಕೇ ಹೋಗುವಂತಿಲ್ಲ. ಈ ಲೆಕ್ಕಕ್ಕೆ ವಿಶ್ವವಿದ್ಯಾಲಯಗಳಲ್ಲಿ ಸಿನಾಪ್ಸಿಸ್ ಎಂದು ಹೆಸರು.

ನಾನು ಎಂ.ಎ. ಮಾಡಿ ಹದಿನೆಂಟು ವರ್ಷ ಕನ್ನಡ ಪಾಠ ಹೇಳಿದವನು. ನಲವತ್ತು ದಾಟಿದ ಮೇಲೆ ಡಾಕ್ಟರೇಟಿನ ಹಂಬಲವೇಕೆ ಎಂದು ವಾಚಕರು ಕೇಳಬಹುದು. ಬರಿಯ ವಿದ್ಯಾದಾಹವೆಂದರೆ ಸುಳ್ಳಾದೀತು. ಯು.ಜಿ.ಸಿ.ಯ 2018ರ ನಿಯಮದಂತೆ ಸಹ ಪ್ರಾಧ್ಯಾಪಕನಾಗಿ ಬಡ್ತಿ ಪಡೆಯಲು ಪಿಎಚ್.ಡಿ. ಬೇಕು. ಹೊಸದಾಗಿ ಸಹಾಯಕ ಪ್ರಾಧ್ಯಾಪಕನಾಗಿ ಸೇರುವವನಿಗೆ ಅದು ಕಡ್ಡಾಯವಲ್ಲವೆಂದು 2023ರ ಜುಲೈಯಿಂದ ಮಾಡಿದರು. ಹೊಸ್ತಿಲಲ್ಲಿ ಕೇಳದ ಚೀಟಿಯನ್ನು ಮಹಡಿ ಹತ್ತುವಾಗ ಕೇಳುತ್ತಾರೆ. ಇರಲಿ, ಬಡ್ತಿಯ ಆಸೆಯ ಪಕ್ಕದಲ್ಲಿ ಇನ್ನೊಂದು ಆಸೆಯೂ ಇತ್ತು.

ಚೇಳೂರು ಗುಬ್ಬಿ ತಾಲ್ಲೂಕಿನ ಒಂದು ಹೋಬಳಿ ಊರು. ಹಲಸಿನ ವ್ಯಾಪಾರಕ್ಕೆ ಹೆಸರಾದುದು. ಕಾಲ ಬಂದಾಗ ಮರ ನೋಡುವವರು, ಕೊಯ್ಯುವವರು, ದಲ್ಲಾಳಿಗಳು, ಲಾರಿಗೆ ತುಂಬುವವರು ಎಲ್ಲರೂ ಸೇರುತ್ತಾರೆ. ಎಳಸು, ಬಲಿತದ್ದು, ದೋರೆ, ಹಣ್ಣು ಎಂದು ಒಂದೇ ಕಾಯಿಗೆ ಮೆಟ್ಟಿಲು ಮೆಟ್ಟಿಲಾಗಿ ಹೆಸರು. ಚಂದ್ರ, ರುದ್ರಾಕ್ಷಿ ಎಂದು ಜಾತಿಗೊಂದು ಹೆಸರು. ಬೆಲೆ ಕಟ್ಟುವಾಗ ಹೊರಗಿನವನಿಗೆ ತಿಳಿಯದಂತೆ ಆಡುವ ಮಾತು ಬೇರೆ. ನಾನು ಹುಡುಗನಾಗಿದ್ದಾಗ ಕೇಳಿದ ಈ ಕನ್ನಡವನ್ನು ಹಳಬರು ಇರುವಾಗಲೇ ಬರೆದಿಡಬೇಕು ಎಂಬುದು ನನ್ನ ವಿಷಯ.

ಸಮಿತಿಯ ಮುಂದೆ ಕುಳಿತೆ. ಎರಡು ಪುಟ ತಿರುವಿ ಹಿರಿಯರೊಬ್ಬರು, “ನಿಮ್ಮ ಪ್ರಾಕ್ಕಲ್ಪನೆ ಎಲ್ಲಿದೆ? ನಿರೀಕ್ಷಿತ ಫಲಿತಗಳೇನು?” ಎಂದರು.

“ಇನ್ನೂ ಅವರನ್ನು ಕೂರಿಸಿಕೊಂಡು ಕೇಳಿಲ್ಲವಲ್ಲ ಸಾರ್, ಕೇಳಿದ ಮೇಲೆ ತಿಳಿಯಬೇಕು” ಎಂದೆ.

“ಏನು ಸಿಕ್ಕುತ್ತದೆಂದೇ ತಿಳಿಯದೆ ವಿಷಯ ಆರಿಸಿದಿರಾ ಮೇಷ್ಟ್ರೆ?” ಎಂದು ಇನ್ನೊಬ್ಬರು ನಕ್ಕರು. ಮೂರನೆಯವರು ಕರುಣಾಳುಗಳು. “ಯಾರಾದರೂ ಕಾದಂಬರಿಕಾರರ ಸ್ತ್ರೀಪಾತ್ರಗಳನ್ನು ತೆಗೆದುಕೊಳ್ಳಿ, ಸಲೀಸಾಗಿ ಮುಗಿಯುತ್ತದೆ” ಎಂದು ಬುದ್ಧಿ ಹೇಳಿದರು. ನನ್ನನ್ನು ವಾಪಸು ಕಳುಹಿಸಿದರು.

ಮುಂದಿನ ಸಭೆ ಸೇರಲು ಎಂಟು ತಿಂಗಳಾಯಿತು. ಆ ನಡುವೆ, ನನ್ನೊಡನೆ ಕುಳಿತು ಮಾತಾಡುತ್ತೇನೆಂದು ಒಪ್ಪಿದ್ದ ಮುದುಕ ದಲ್ಲಾಳಿಯೊಬ್ಬರು ತೀರಿಕೊಂಡರು. ಒಪ್ಪಿಗೆ ಬಂದ ಮೇಲೆ ಶುರುಮಾಡೋಣವೆಂದು ನಾನೇ ಅವರಿಗೆ ಹೇಳಿದ್ದೆ. ಒಂದು ನೋಟುಪುಸ್ತಕ ಹಿಡಿದು ಹೋಗಲು ನನಗೆ ಯಾರ ಅಪ್ಪಣೆ ಬೇಕಿತ್ತು?

ಎರಡನೆಯ ಸಲ ನಾನು ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆ. ಗೆಳೆಯರೊಬ್ಬರ ಸಿನಾಪ್ಸಿಸ್ಸಿನ ಅಚ್ಚಿನಲ್ಲೇ ನನ್ನದನ್ನು ಹುಯ್ದೆ. ‘ಜಾಗತೀಕರಣದಿಂದ ಸಂತೆಯ ಭಾಷೆ ನಶಿಸುತ್ತಿದೆ’ ಎಂಬುದು ಪ್ರಾಕ್ಕಲ್ಪನೆ; ನಶಿಸಿದೆ ಎಂದು ಕಂಡುಬರುವುದೇ ಫಲಿತ. ಹತ್ತು ನಿಮಿಷದಲ್ಲಿ ಒಪ್ಪಿಗೆಯಾಯಿತು. ಶೀರ್ಷಿಕೆಯಲ್ಲಿ ‘ನಶಿಸುವಿಕೆ’ ಎಂಬ ಮಾತನ್ನೂ ಸೇರಿಸಿಕೊಟ್ಟರು. ಆಮೇಲೆ ಸಂತೆಗೆ ಹೋಗಿ ಕೇಳಿದರೆ ಸಂಗತಿಯೇ ಬೇರೆ. ಹಳೆಯ ಮಾತು ಕೆಲವು ಹೋಗಿವೆ, ನಿಜ. ಆದರೆ ಲಾರಿ ತುಂಬುವ ಹುಡುಗರು ಹಿಂದಿ, ತಮಿಳು, ಮೊಬೈಲು ಎಲ್ಲವನ್ನೂ ಕಲಸಿ ದಿನಕ್ಕೊಂದು ಹೊಸ ಮಾತು ಹುಟ್ಟಿಸುತ್ತಿದ್ದಾರೆ. ಈಗ ಕಂಡದ್ದನ್ನು ಬರೆದರೆ ಶೀರ್ಷಿಕೆಗೆ ವಿರೋಧ. ಶೀರ್ಷಿಕೆಗೆ ತಕ್ಕಂತೆ ಬರೆದರೆ ಕಂಡದ್ದಕ್ಕೆ ದ್ರೋಹ.

ಇದೇ ವೈಜ್ಞಾನಿಕ ಪದ್ಧತಿಯೆಂದು ಸಮಿತಿಯವರ ಸಮಾಧಾನ. ವಿಜ್ಞಾನಿಗಳು ನಮ್ಮ ಊರಿಗೇ ಬಂದಿದ್ದರಷ್ಟೆ. ಚೇಳೂರಿನ ರೈತರೊಬ್ಬರ ಮರದಲ್ಲಿ ಕೆಂಪು ತೊಳೆಯ, ಸುಮಾರು 2.5 ಕಿಲೊ ತೂಗುವ ಪುಟ್ಟ ಹಣ್ಣು ಬಿಡುತ್ತಿತ್ತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹಣ್ಣನ್ನು ಕಂಡ ಮೇಲೆ ಪರೀಕ್ಷಿಸಿದರು. ಲೈಕೊಪೀನ್ ಹೆಚ್ಚಿರುವುದು ಆಗ ತಿಳಿಯಿತು. 2017ರಲ್ಲಿ ‘ಸಿದ್ದು ಹಲಸು’ ಎಂದು ಅದರ ಸಸಿ ಬೆಳೆಸುವ ಏರ್ಪಾಡಾಯಿತು. ಹಣ್ಣು ಮೊದಲು, ಹೆಸರು ಆಮೇಲೆ.

ನಮ್ಮ ಕನ್ನಡದ ಮನೆಯಲ್ಲೂ ಹೀಗೆಯೇ ನಡೆದದ್ದುಂಟು. ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಂದಿತು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟು ಕೊಟ್ಟದ್ದು 1896ರಲ್ಲಿ. ಅದು ಗೌರವದ ಪದವಿ, ಬೇರೆ ಮಾತು ಎನ್ನುವಿರಾದರೆ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನು ನೋಡಿ. 1966ರಲ್ಲಿ ಅಚ್ಚಾದ ಈ ಗ್ರಂಥ ಪಿಎಚ್.ಡಿ.ಗೆಂದೇ ಬರೆದ ಪ್ರಬಂಧ. ಕಲ್ಲಿನ ಮುಂದೆ ಕುಳಿತು ಓದಿದ ಮೇಲೆ ಅದರ ಮಾತು ಹುಟ್ಟಿತೆಂಬುದು ಪುಟಪುಟದಲ್ಲೂ ಕಾಣುತ್ತದೆ. ಅದರ ಶೀರ್ಷಿಕೆಯಿಂದ ‘ಸಾಂಸ್ಕೃತಿಕ ಅಧ್ಯಯನ’ ಎಂಬೆರಡು ಪದಗಳನ್ನು ಮಾತ್ರ ಎರವಲು ಪಡೆದವರು ಆಮೇಲೆ ಎಷ್ಟು ಮಂದಿಯೊ!

ಸಮಿತಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ನಕಲು ಮಾಡುವವರಿದ್ದಾರೆ, ಹಣ ಕೊಟ್ಟು ಬರೆಸುವವರಿದ್ದಾರೆ. ಕೃತಿಚೌರ್ಯವನ್ನು ತಡೆಯಲು 2018ರಲ್ಲಿ ನಿಯಮ ಮಾಡಬೇಕಾಯಿತು. ಆದ್ದರಿಂದ ಬಿಗಿಯಾಗಿಯೇ ಕೇಳಲಿ: ನಿನಗಿಂತ ಮೊದಲು ಯಾರು ಏನು ಮಾಡಿದ್ದಾರೆ, ಏನೇನು ಓದಿದ್ದೀಯೆ, ಯಾರನ್ನು ಕೇಳುತ್ತೀಯೆ, ಕೇಳಿದ್ದನ್ನು ಹೇಗೆ ಬರೆದುಕೊಳ್ಳುತ್ತೀಯೆ? ನನ್ನನ್ನು ಎರಡು ಸಲವೂ ಯಾರೂ ಇದನ್ನು ಕೇಳಲಿಲ್ಲ. ಕೇಳಿದ್ದರೆ ತಡವರಿಸುತ್ತಿದ್ದೆ, ತಿದ್ದಿಕೊಳ್ಳುತ್ತಿದ್ದೆ. ಫಲಿತದ ಪುಟವನ್ನು ಮಾತ್ರ ಖಾಲಿ ಬಿಡಲಿ. ಒಂದು ವರ್ಷ ಊರೂರು ತಿರುಗಿ ಬಂದವನಿಗೆ ತನ್ನ ಪ್ರಶ್ನೆಯನ್ನು ಬದಲಿಸಿಕೊಳ್ಳುವ ಹಕ್ಕಿರಲಿ. ಅದಕ್ಕೆ ಅವನು ತಪ್ಪಿತಸ್ಥನಂತೆ ಅರ್ಜಿ ಹಿಡಿದು ನಿಲ್ಲುವಂತಾಗಬಾರದು.

ನನ್ನ ಶೀರ್ಷಿಕೆ ಬದಲಾವಣೆಯ ಅರ್ಜಿ ಬರುವ ಹಲಸಿನ ಕಾಲಕ್ಕೆ ಸಮಿತಿಯ ಮುಂದೆ ಬರುತ್ತದೆಯಂತೆ. ಶುಲ್ಕ ಕಟ್ಟಿದ್ದೇನೆ, ರಸೀತಿ ಇದೆ. ಈ ಸಲ ಒಪ್ಪಿಗೆಗೆ ಕಾಯದೆ ಪ್ರತಿವಾರ ಸಂತೆಗೆ ಹೋಗುತ್ತಿದ್ದೇನೆ.