ಬಂಡಿಯ ಉಸಿರು

ಅನ್ನದಲ್ಲಿ ಒಂದು ಹರಳು ಸಿಕ್ಕಿದರೆ ಊಟಕ್ಕೆ ಕುಳಿತವರು ಅಡುಗೆಮನೆಯ ಕಡೆಗೆ ಕಣ್ಣು ಕೆಂಪಗೆ ಮಾಡುವರು. ಉಸಿರಿನೊಡನೆ ಒಳಗೆ ಹೋಗುವ ಧೂಳನ್ನು ಮಾತ್ರ ಯಾರೂ ಲೆಕ್ಕಿಸುವುದಿಲ್ಲ. ವಾಹನಗಳ ಪಾಡೂ ಹೀಗೆಯೇ. ಒಳ್ಳೆಯ ಡೀಸೆಲ್ ಎಲ್ಲಿ ಸಿಕ್ಕುವುದೆಂದು ನಾಲ್ಕು ಬಂಕುಗಳನ್ನು ವಿಚಾರಿಸುವ ಒಡೆಯನು, ತನ್ನ ಎಂಜಿನ್ನು ಎಂಥ ಗಾಳಿಯನ್ನು ಎಳೆದುಕೊಳ್ಳುತ್ತಿದೆಯೆಂದು ವಿಚಾರಿಸುವುದು ಅಪರೂಪ.

ಇಟ್ಟಮಡುವಿನ ಒಂದು ಗ್ಯಾರೇಜಿನಲ್ಲಿ ಒಂದು ಸಂಜೆ ಈ ವಿಷಯವೇ ತಂದೆ ಮಗನ ನಡುವೆ ವಾದಕ್ಕೆ ಕಾರಣವಾಯಿತು. ತಂದೆ ಟೈಲ್ಸ್ ವ್ಯಾಪಾರಿ, ಮಗ ಬಿ.ಕಾಂ. ಮುಗಿಸಿ ಅಂಗಡಿಗೆ ಸೇರಿದವನು. ತಾಯಿಯ ಬಳೆಗಳನ್ನು ಬ್ಯಾಂಕಿನಲ್ಲಿ ಅಡವಿಟ್ಟು, ಮುಂಗಡ ಕಟ್ಟಿ ತಂದ ಬೊಲೆರೊ ಪಿಕಪ್ಪು ಆ ಮನೆಯ ಅನ್ನದ ಆಧಾರ. ಗೆಳೆಯನ ಕಾರಿನಲ್ಲಿ ಕಂಡ ಒಂದು ಸಾಧನವನ್ನು ಅದಕ್ಕೂ ಹಾಕಿಸಬೇಕೆಂದು ಮಗನ ಹಟ. ಕಂಪನಿಯವರು ಕೊಟ್ಟ ಏರ್ ಫಿಲ್ಟರಿನ ಕಪ್ಪು ಪೆಟ್ಟಿಗೆಯನ್ನು ತೆಗೆದು, ಅಲ್ಲಿ ಹೊಳೆಯುವ ಕೊಳವೆಯೊಂದನ್ನು ಕೂರಿಸಿ, ಅದರ ತುದಿಗೆ ಶಂಕುವಿನಾಕಾರದ ಕೆಂಪು ಫಿಲ್ಟರನ್ನು ಸಿಕ್ಕಿಸುವುದು.

“ಗಾಳಿ ಜಾಸ್ತಿ ಹೋದರೆ ಪವರ್ ಜಾಸ್ತಿಯಾಗುತ್ತೆ ಅಪ್ಪಾ. ಲೋಡು ಸಲೀಸಾಗಿ ಎಳೆಯುತ್ತೆ. ಸದ್ದೂ ಎಷ್ಟು ಗತ್ತಾಗಿರುತ್ತೆ!” ಎಂದ ಮಗ.

“ಸದ್ದಿಗೆ ಯಾರಪ್ಪ ಬಾಡಿಗೆ ಕೊಡ್ತಾರೆ?” ಎಂದರು ತಂದೆ.

ಅಷ್ಟು ಹೊತ್ತೂ ಸುಮ್ಮನಿದ್ದ ಮೇಸ್ತ್ರಿ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಲೈನರೊಂದನ್ನು ತಂದು ಹುಡುಗನ ಕೈಯಲ್ಲಿಟ್ಟು, “ಒಳಗಡೆ ಮೇಲ್ಭಾಗದಲ್ಲಿ ಉಗುರು ಎಳೆದು ನೋಡಪ್ಪ” ಎಂದ. ಉಗುರು ಒಂದು ಮೆಟ್ಟಿಲಿಗೆ ತಗುಲಿ ನಿಂತಿತು. ಪಿಸ್ಟನ್ನಿನ ರಿಂಗುಗಳು ಓಡಾಡಿದಷ್ಟು ಉದ್ದವೂ ಲೋಹ ಸವೆದು ಹೋಗಿತ್ತು. “ಇದು ಧೂಳು ಮಾಡಿದ ಕೆಲಸ. ಈಗ ಹೇಳು.”

ಆ ಮೆಟ್ಟಿಲಿನ ಅರ್ಥವನ್ನು ತಿಳಿಯಲು ಸ್ವಲ್ಪ ಲೆಕ್ಕ ಬೇಕು. ಸುಮ್ಮನೆ ಕುಳಿತ ಮನುಷ್ಯ ನಿಮಿಷಕ್ಕೆ 6ರಿಂದ 8 ಲೀಟರು ಗಾಳಿಯನ್ನು ಉಸಿರಾಡುವನು. ಎರಡೂವರೆ ಲೀಟರಿನ ಡೀಸೆಲ್ ಎಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗುವಾಗ, ಟರ್ಬೊ ಒತ್ತಿ ತುಂಬುವುದನ್ನು ಬಿಟ್ಟರೂ, ಹತ್ತಿರ ಹತ್ತಿರ 2,500 ಲೀಟರು ಗಾಳಿಯನ್ನು ನುಂಗುತ್ತದೆ. ಒಂದು ಲೀಟರು ಡೀಸೆಲ್ ಉರಿಯಲು ಕಡಮೆಯೆಂದರೂ 10,000 ಲೀಟರು ಗಾಳಿ ಬೇಕು. ಅರ್ಧ ಕಟ್ಟಿದ ಮನೆಗಳ ಸಿಮೆಂಟಿನ ಪುಡಿ, ಕೆಂಪು ಮಣ್ಣು, ಕಲ್ಲು ಕೊಯ್ದ ಧೂಳು, ಇವೆಲ್ಲ ಆ ಗಾಳಿಯಲ್ಲಿಯೇ ತೇಲುತ್ತಿರುತ್ತವೆ. ಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಣ ಉಕ್ಕನ್ನೂ ಗೀರಬಲ್ಲದು. ಅದು ಒಳಗೆ ಹೊಕ್ಕರೆ ಮೊದಲು ರಿಂಗು, ಲೈನರುಗಳ ಸವೆತ. ಆಮೇಲೆ ಆಯಿಲ್ ಕುಡಿಯುವುದು. ಕೊನೆಗೆ ಎಂಜಿನ್ನನ್ನೇ ಬಿಚ್ಚಿಸುವ ಖರ್ಚು. ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗಬಲ್ಲ ಟರ್ಬೊವಿನ ರೆಕ್ಕೆಗಳಿಗೂ ಇದೇ ಗತಿ.

ಹೆಚ್ಚು ಗಾಳಿಯಿಂದ ಹೆಚ್ಚು ಶಕ್ತಿಯೆಂಬ ಮಾತು ಪೂರ್ತಿ ಸುಳ್ಳಲ್ಲ. ಪಂದ್ಯಕ್ಕೆಂದು ಹದಗೊಳಿಸಿದ ಪೆಟ್ರೋಲ್ ಎಂಜಿನ್ನಿಗೆ ಅದು ಸಲ್ಲುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ‍್ಯಾಲಿ ಓಡುವವರು ಎಂಜಿನ್ನನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟುವರು. ಸವೆತದ ಚಿಂತೆ ಅವರಿಗೆ ಎರಡನೆಯದು. ಆದರೆ ಡೀಸೆಲ್ ಎಂಜಿನ್ನಿನ ಶಕ್ತಿಯನ್ನು ನಿರ್ಣಯಿಸುವುದು ಒಳಗೆ ಚಿಮ್ಮುವ ಡೀಸೆಲಿನ ಅಳತೆ. ಆ ಅಳತೆಯನ್ನು ಹೇಳುವುದು ಎಂಜಿನ್ನಿನ ಕಂಪ್ಯೂಟರು. ಸುಸ್ಥಿತಿಯಲ್ಲಿರುವ ಹಳೆಯ ಫಿಲ್ಟರನ್ನು ತೆಗೆದು ಹೊಸ ಕೊಳವೆ ಕೂರಿಸಿದ ಮಾತ್ರಕ್ಕೆ ಅದು ಹೆಚ್ಚು ಡೀಸೆಲ್ ಬಡಿಸದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ಹತ್ತರಲ್ಲಿ ಒಂದು ಪಾಲು ತೆಳುವೆಂಬುದು ನಿಜ. ಆ ಕೊರತೆಯನ್ನು ತುಂಬುವ ಕೆಲಸವನ್ನು ಟರ್ಬೊ ಆಗಲೇ ಮಾಡುತ್ತಿದೆ.

ಬಾನೆಟ್ಟಿನೊಳಗೆ ತೆರೆದಿಟ್ಟ ಶಂಕುವಿಗೆ ಇನ್ನೊಂದು ದೋಷವುಂಟು. ಕಂಪನಿಯ ಪೆಟ್ಟಿಗೆ ಹೊರಗಿನ ತಂಪು ಗಾಳಿಯನ್ನು ಎಳೆಯುವಂತೆ ಕೂರಿಸಿದ್ದು. ತೆರೆದ ಶಂಕು ಎಂಜಿನ್ನಿನ ಬಿಸಿಯನ್ನೇ ಎಳೆಯುವುದು. ಗಾಳಿಯ ಬಿಸಿ 10 ಡಿಗ್ರಿ ಏರಿದರೆ ಅದು ನೂರಕ್ಕೆ 3ರಷ್ಟು ತೆಳುವಾಗುತ್ತದೆ. ಬನಶಂಕರಿಯ ಸಿಗ್ನಲ್ಲಿನಲ್ಲಿ ಭಾರ ಹೊತ್ತು ನಿಂತಾಗ ಇದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಎಣ್ಣೆ ಸವರಿದ ಹತ್ತಿಯ ಫಿಲ್ಟರಾದರೆ ತೊಳೆದು ಮತ್ತೆ ಬಳಸಬಹುದು, ಗಾಳಿಯೂ ಸರಾಗ. ಆದರೆ ನಯವಾದ ಧೂಳನ್ನು ತಡೆಯುವುದರಲ್ಲಿ ಅದು ಸಾಮಾನ್ಯವಾಗಿ ಒಳ್ಳೆಯ ಕಾಗದದ ಸಮಕ್ಕೆ ಬಾರದು. ಎಣ್ಣೆ ಹೆಚ್ಚಾದರೆ ಗಾಳಿಯನ್ನು ಅಳೆಯುವ ಸೆನ್ಸರಿಗೆ ಮೆತ್ತಿಕೊಂಡು ಲೆಕ್ಕವನ್ನೇ ತಪ್ಪಿಸುವುದು.

ಇನ್ನು ನೀರಿನ ಮಾತು. ಇಟ್ಟಮಡುವಿನ ಹೆಸರಿನಲ್ಲಿಯೇ ‘ಮಡು’ ಇದೆ. ಜಡಿಮಳೆ ಬಿದ್ದರೆ ನಗರದ ಎಷ್ಟೋ ರಸ್ತೆಗಳು ಮಡುಗಳೇ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಕಡೆ ವಾಹನಗಳು ಮುಳುಗಿದ್ದನ್ನು ಊರೇ ನೋಡಿತು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಸಿಲಿಂಡರಿಗೆ ನೀರು ಹೊಕ್ಕರೆ ಬಾಗುವುದು ಪಿಸ್ಟನ್ನಿನ ಕನೆಕ್ಟಿಂಗ್ ರಾಡು. ಆದುದರಿಂದ ಹೊಸ ಕೊಳವೆಯ ಬಾಯಿ ಮೊದಲಿಗಿಂತ ಕೆಳಗಿಳಿಯಲೇಬಾರದು. ನೀರಿನ ನಡುವೆ ಎಂಜಿನ್ನು ನಿಂತರೆ ಮತ್ತೆ ಸ್ಟಾರ್ಟ್ ಮಾಡದೆ ತಳ್ಳಿ ತರುವುದೇ ಜಾಣತನ. ಮೇಲಕ್ಕೆ ಬಾಯಿ ತೆರೆದ ಸ್ನಾರ್ಕೆಲ್ ಹಾಕಿಸುವವರೂ ಉಂಟು. ಅದಕ್ಕಾಗಿ ಬಂಡಿಯ ಮೈಯನ್ನು ಕೊಯ್ಯುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿಯೂ ವಾರಂಟಿ ಕೊಟ್ಟವರಲ್ಲಿಯೂ ವಿಚಾರಿಸತಕ್ಕದ್ದು.

ಮೇಸ್ತ್ರಿ ಪಿಕಪ್ಪಿನ ಕಪ್ಪು ಪೆಟ್ಟಿಗೆಯನ್ನು ಬಿಚ್ಚಿದ. ಕಾಗದದ ಮಡಿಕೆಗಳನ್ನು ಕೊಡವಿದಾಗ ಒಂದು ಹಿಡಿ ಧೂಳು ನೆಲಕ್ಕೆ ಸುರಿಯಿತು. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ಕೊಳವೆಯೊಳಗೆ ಬಿಳಿಯ ಬಟ್ಟೆಯನ್ನು ಆಡಿಸಿ ತೆಗೆದ. ಬಟ್ಟೆ ಬಿಳಿದಾಗಿಯೇ ಇತ್ತು.

“ಇಷ್ಟು ಧೂಳು ಇಲ್ಲೇ ನಿಂತಿದೆ. ನೀನು ಹೇಳೋ ಫಿಲ್ಟರಿನಲ್ಲಿ ಇದು ಎಲ್ಲಿ ನಿಲ್ಲುತ್ತೆ ಅಂತ ಕೇಳ್ಕೊಂಡು ಬಾ. ಆಮೇಲೆ ಹಾಕೋಣ.”

ಹುಡುಗ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಇದಕ್ಕೇ ಗಾಳಿ ಹೊಡೆಸಿ ಮತ್ತೆ ಹಾಕಬಹುದಾ?” ಎಂದು ಕೇಳಿದ. ಮೇಸ್ತ್ರಿ ತಲೆಯಾಡಿಸಿದ. ಜೋರಾಗಿ ಗಾಳಿ ಹೊಡೆದರೆ ಕಾಗದ ಒಳಗೊಳಗೇ ಹರಿಯುವುದು. ಕಣ್ಣಿಗೆ ಕಾಣದ ಆ ಬಿರುಕೇ ಧೂಳಿಗೆ ಹೆದ್ದಾರಿ. ಅವಧಿ ತೀರಿದರೆ ಹೊಸದನ್ನು ಹಾಕುವುದೊಂದೇ ಮಾರ್ಗ. ಕೊಳ್ಳುವಾಗ ಅಂಚಿನ ರಬ್ಬರು ಮೆತ್ತಗಿದೆಯೇ, ಮಡಿಕೆಗಳು ಸಮನಾಗಿವೆಯೇ, ಪೆಟ್ಟಿಗೆಯಲ್ಲಿ ಸಂದಿಲ್ಲದೆ ಕೂರುವುದೇ ಎಂದು ನೋಡಬೇಕು.

ಮರುದಿನ ಜೆ.ಸಿ. ರಸ್ತೆಯಿಂದ ಒರಿಜಿನಲ್ ಫಿಲ್ಟರನ್ನು ತಂದವನು ಮಗನೇ. ಹೊಳೆಯುವ ಕೊಳವೆಗೆಂದು ಕೂಡಿಸಿಟ್ಟಿದ್ದ ಹಣದಲ್ಲಿ ಉಳಿದುದನ್ನು ಬ್ಯಾಂಕಿನ ಸಾಲಕ್ಕೆ ಕಟ್ಟಿದನಂತೆ. ಪಿಕಪ್ಪು ಇಟ್ಟಮಡುವಿನ ರಸ್ತೆಗಳಲ್ಲಿ ಈಗಲೂ ಗತ್ತಿಲ್ಲದ ಸದ್ದು ಮಾಡುತ್ತಲೇ ಓಡುತ್ತಿದೆ. ತಾಯಿಗೆ ಅದೇ ನೆಮ್ಮದಿ.